ಕಾರ್ಯದರ್ಶಿಗಳ ಕಣ್ಣಿಗೆ ಬೀಳದ ಗ್ರಾಫಿಕ್ಸ್

ಇಲ್ಲದ್ದನ್ನು ಇದೆ ಎಂದು, ಇರುವುದನ್ನು ಇಲ್ಲ ಎಂದು ತೋರಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನ ಮನೆಯ ವಿಳಾಸ ಫಜೀತಿಗಳಿಗೆ ಬಾಯಿಪಾಠವಾಗಿರುತ್ತದೆ. ನಾನು ಒಂದನ್ನೂ ಕರೆದವನಲ್ಲ. ಅವೇ ಬಂದವು, ಒಂದರ ಹಿಂದೆ ಒಂದು, ಸರದಿಯಲ್ಲಿ ನಿಂತು.

ತೊಂಬತ್ತರ ದಶಕದಲ್ಲಿ ನಾನು ಹಾಸನದಲ್ಲಿ ಮದುವೆ ವೀಡಿಯೊ ಮಿಕ್ಸಿಂಗ್ ಮಾಡುತ್ತಿದ್ದೆ. ತಾವರೆ ಹೂವು ಅರಳಿದರೆ ಒಳಗೆ ಮದುಮಗಳ ಮುಖ, ಬಾಳೆ ಎಲೆ ಸುರುಳಿ ಬಿಚ್ಚಿದರೆ ಮದುಮಗನ ಮುಖ. ಈ ಜಿಲ್ಲೆಯ ಎಷ್ಟು ದಂಪತಿಗಳನ್ನು ತಾವರೆಯೊಳಗೆ ಕೂರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಆಮೇಲೆ ಊರಿನ ಒಂದು ಖಾಸಗಿ ಕಾಲೇಜಿನವರು ಒಂದು ವರ್ಷದ ಮಲ್ಟಿಮೀಡಿಯಾ ಕೋರ್ಸ್ ತೆರೆದು ನನ್ನನ್ನು ಕರೆದರು. ಅಲ್ಲಿ ನಾನೇ ಮೇಷ್ಟ್ರು, ನಾನೇ ಲ್ಯಾಬ್ ನೋಡಿಕೊಳ್ಳುವವನು, ಯುಪಿಎಸ್ ಕೈಕೊಟ್ಟರೆ ನಾನೇ ಎಲೆಕ್ಟ್ರಿಷಿಯನ್. ಆರು ಕಂಪ್ಯೂಟರ್, ಒಂದು ಕ್ಯಾಮೆರಾ, ಹದಿನಾರು ಹುಡುಗ ಹುಡುಗಿಯರು. ಕಲಿಸುತ್ತಿದ್ದದ್ದು ಕಾಂಪೋಸಿಟಿಂಗ್. ಎಂದರೆ, ಒಂದು ಕಡೆ ತೆಗೆದ ಚಿತ್ರದ ಮೇಲೆ ಇನ್ನೊಂದು ಕಡೆ ತೆಗೆದದ್ದನ್ನು ಕೂರಿಸಿ, ಎರಡೂ ಒಟ್ಟಿಗೇ ನಡೆದವು ಎಂದು ಜನರನ್ನು ನಂಬಿಸುವುದು. ಜನ ಇದಕ್ಕೆ ಚಿಕ್ಕದಾಗಿ ಗ್ರಾಫಿಕ್ಸ್ ಎನ್ನುತ್ತಾರೆ. ಆ ಕೋಣೆ ನನಗೆ ಎಷ್ಟು ಇಷ್ಟವಾಗಿತ್ತೆಂದರೆ ಭಾನುವಾರವೂ ಏನಾದರೂ ನೆಪ ಹೂಡಿ ಹೋಗಿ ಬೀಗ ತೆಗೆಯುತ್ತಿದ್ದೆ.

ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೆ ಮಾತ್ರ ಆ ಕೋಣೆಯ ಮೇಲೆ ಬೇರೆ ಆಸೆಯಿತ್ತು. ಅವರು ಚನ್ನರಾಯಪಟ್ಟಣದ ಕಡೆಯವರು, ತೆಂಗಿನಕಾಯಿ ವ್ಯಾಪಾರದಲ್ಲಿ ಹೆಸರು ಮಾಡಿದವರು. ಕೈಯಲ್ಲಿ ಹಿಡಿದು, ಕುಲುಕಿ, ಸದ್ದು ಕೇಳಿದ ಮೇಲೇ ಯಾವುದನ್ನಾದರೂ ನಂಬುವ ಸ್ವಭಾವ. ಮೂರನೆಯ ವರ್ಷದ ಮೊದಲ ದಿನವೇ ಲ್ಯಾಬಿಗೆ ಬಂದು ಹೇಳಿದರು:

"ನೋಡಿ ಮೇಷ್ಟ್ರೇ, ಎರಡು ವರ್ಷದಿಂದ ಈ ಕೋರ್ಸು ನಡೀತಾ ಅದೆ. ಏನ್ ಕಲಿಸ್ತೀರೋ ನನ್ ಕಣ್ಣಿಗಂತೂ ಕಂಡಿಲ್ಲ. ಈ ಸಲ ವಾರ್ಷಿಕೋತ್ಸವದಲ್ಲಿ ಗ್ರಾಫಿಕ್ಸ್ ಅಂದ್ರೆ ಇದು ಅಂತ ಕಣ್ಣಿಗೆ ಕಾಣೋ ಅಂಗೆ ತೋರ್ಸಿ. ಕಂಡ್ರೆ ಕೋರ್ಸು ಇರ್ತದೆ. ಕಾಣ್ದಿದ್ರೆ ಈ ರೂಮು ಹೊಲಿಗೆ ಕ್ಲಾಸಿಗೆ."

ಬರಿ ಬಾಯಿ ಮಾತಲ್ಲ. ಎಂಟು ಹೊಲಿಗೆ ಯಂತ್ರ ಆಗಲೇ ಬಂದು, ಲ್ಯಾಬಿನ ಮುಂದಿನ ವರಾಂಡದಲ್ಲಿ ಟಾರ್ಪಾಲು ಹೊದ್ದು ಕೂತಿದ್ದವು. ದಿನಾ ಅವುಗಳನ್ನು ದಾಟಿಕೊಂಡೇ ನಾನು ಒಳಗೆ ಹೋಗಬೇಕಿತ್ತು.

ಹದಿನಾರು ಜನರನ್ನು ನಾಲ್ಕು ಗುಂಪು ಮಾಡಿದೆ. ಒಂದೊಂದು ಗುಂಪಿಗೆ ಒಂದೊಂದು ಕಿರುಚಿತ್ರ. ನಾಲ್ಕರಲ್ಲಿ ಒಂದಾದರೂ ನಮ್ಮ ಮಾನ ಉಳಿಸುತ್ತದೆ ಎಂದು ನನ್ನ ಲೆಕ್ಕಾಚಾರ.

೧. ಚಂದ್ರಲೋಕದಲ್ಲಿ ಬಳೆ

ಮೊದಲನೆಯದು ಹಾಸನದ ಹುಡುಗರ ಗುಂಪು. ಉಪಗ್ರಹಗಳ ಕೆಲಸ ನಡೆಯುವ ಊರಿನವರಲ್ಲವೇ, ಕಥೆಯೂ ಹಾಗೇ ಇತ್ತು: ಹಾಸನದ ಒಬ್ಬ ಗೃಹಿಣಿ ಒಗ್ಗರಣೆ ಹಾಕುತ್ತಿದ್ದವಳು ಒಲೆ ಆರಿಸುವುದನ್ನೂ ಮರೆತು ಚಂದ್ರಲೋಕ ಸೇರಿಬಿಡುತ್ತಾಳೆ. ಗೃಹಿಣಿಯ ಪಾತ್ರಕ್ಕೆ ಒಬ್ಬ ಹುಡುಗ ತನ್ನ ಅಕ್ಕನನ್ನೇ ಒಪ್ಪಿಸಿದ್ದ.

ಇಂಥ ದೃಶ್ಯಕ್ಕೆ ನಟಿಯ ಹಿಂದೆ ಹಸಿರು ಬಟ್ಟೆ ಕಟ್ಟಿ ಚಿತ್ರ ತೆಗೆಯುತ್ತೇವೆ. ಆಮೇಲೆ ಹಸಿರನ್ನೆಲ್ಲ ತೆಗೆದುಬಿಡು ಎಂದು ಸಾಫ್ಟ್‌ವೇರಿಗೆ ಹೇಳಿದರೆ ಅದು ತೆಗೆಯುತ್ತದೆ. ಖಾಲಿಯಾದ ಜಾಗದಲ್ಲಿ ಚಂದ್ರನನ್ನು ಕೂರಿಸಿದರೆ ಆಯಿತು. ಸಾಫ್ಟ್‌ವೇರ್ ಹೇಳಿದ ಮಾತು ಕೇಳುತ್ತದೆ. ಅದರ ತೊಂದರೆಯೇ ಅದು.

ಶೂಟಿಂಗಿಗೆ ಅಕ್ಕ ಬಂದಳು. ಜೊತೆಗೆ ಅವಳ ಅತ್ತೆಯೂ ಬಂದರು. ಅಕ್ಕ ಏಳು ತಿಂಗಳ ಬಸುರಿ. ಹಿಂದಿನ ವಾರವಷ್ಟೇ ಸೀಮಂತವಾಗಿತ್ತು. ಎರಡೂ ಕೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರು ಗಾಜಿನ ಬಳೆ.

"ಅಮ್ಮಾ, ಒಂದರ್ಧ ಗಂಟೆ ಬಳೆ ತೆಗೆದಿಟ್ಟರೆ..." ಎಂದು ನಾನು ಬಾಯಿ ತೆರೆದೆ. ಆ ಮಾತು ಮುಗಿಸುವ ಭಾಗ್ಯ ನನಗಿರಲಿಲ್ಲ.

"ಏನಂದ್ರಿ? ಸೀಮಂತದ ಬಳೆ ತೆಗೀಬೇಕಾ? ನಿಮ್ಮ ಚಂದ್ರ ನಿಮ್ಮತ್ರಾನೇ ಇಟ್ಕೊಳ್ಳಿ!" ಎಂದರು ಅತ್ತೆ.

ಬಳೆ ಸಮೇತವೇ ಚಿತ್ರ ತೆಗೆದೆವು. ಹಸಿರು ತೆಗೆ ಎಂದೆವು. ಸಾಫ್ಟ್‌ವೇರ್ ತೆಗೆಯಿತು. ಚಂದ್ರನ ಮೇಲೆ ನಿಂತ ಅಕ್ಕನಿಗೆ ಮೊಣಕೈವರೆಗೆ ಮಾತ್ರ ಕೈ. ಆಮೇಲೆ ಒಂದು ಗೇಣು ಬರೀ ಚಂದ್ರನ ಹಳ್ಳದಿಣ್ಣೆ. ಅದರಾಚೆ ಎರಡು ಅಂಗೈ ತಮ್ಮ ಪಾಡಿಗೆ ತೇಲುತ್ತಾ ಸೌಟು ಅಲ್ಲಾಡಿಸುತ್ತಿದ್ದವು. ಅತ್ತೆ ಪರದೆ ನೋಡಿ ಕಿಟಾರನೆ ಕಿರುಚಿದರು. ಸೊಸೆಯ ಎರಡೂ ಕೈ ಹಿಡಿದು, ಒತ್ತಿ ನೋಡಿ, ಎಲ್ಲ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೇ ಉಸಿರು ಬಿಟ್ಟರು.

"ಗಾಬರಿಯಾಗಬೇಡಿ, ಹಸಿರು ಬಟ್ಟೆಯ ಬದಲು ನೀಲಿ ಬಟ್ಟೆ ಕಟ್ಟಿ ಇನ್ನೊಂದು ಸಲ ತೆಗೆಯೋಣ. ಆಗ ನೀಲಿ ಮಾತ್ರ ಹೋಗುತ್ತದೆ, ಬಳೆ ಉಳಿಯುತ್ತವೆ" ಎಂದು ಸಮಾಧಾನ ಹೇಳಿದೆ. ಹೇಳುವಾಗ ಅತ್ತೆ ನೀಲಿ ಎಂಬಷ್ಟನ್ನು ಮಾತ್ರ ಕೇಳಿಸಿಕೊಂಡಿರಬೇಕು. ಮಾರನೆಯ ದಿನ ಸೊಸೆಗೆ ತಮ್ಮದೇ ಪೆಟ್ಟಿಗೆಯ ನೀಲಿ ರೇಷ್ಮೆ ಸೀರೆ ಉಡಿಸಿ, ನೀಲಿ ರವಿಕೆ ತೊಡಿಸಿ ಕರೆತಂದರು. "ನಿಮ್ಮ ಪರದೆಗೆ ಮ್ಯಾಚಿಂಗ್ ಆಗ್ಲಿ ಅಂತ" ಎಂದರು. ಅಷ್ಟು ಪ್ರೀತಿಯಿಂದ ಉಡಿಸಿದ ಸೀರೆಯನ್ನು ಬದಲಾಯಿಸಿ ಎನ್ನಲು ನನಗೆ ಎದೆಗಾರಿಕೆ ಸಾಲಲಿಲ್ಲ. ತೆಗೆದೆವು.

ಈ ಸಲ ಚಂದ್ರನ ಮೇಲೆ ಒಂದು ತಲೆ, ಎರಡು ಕೈ. ನಡುವೆ ಏನೂ ಇಲ್ಲ. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಅತ್ತೆ ಮಾತ್ರ ಕನ್ನಡಕ ಏರಿಸಿ, ಪರದೆಯ ಹತ್ತಿರ ಬಗ್ಗಿ, ತೃಪ್ತಿಯಿಂದ ತಲೆಯಾಡಿಸಿದರು.

"ಹಾ! ಈಗ ನೋಡಿ, ಬಳೆ ಎಷ್ಟು ಚೆನ್ನಾಗಿ ಕಾಣ್ತಿವೆ!"

೨. ಮುನ್ನೂರು ಜನಿವಾರ

ಎರಡನೆಯ ಗುಂಪು ಹೊಳೆನರಸೀಪುರದ್ದು. ಇವರ ಕಥೆಯಲ್ಲಿ ಒಬ್ಬ ತಪಸ್ವಿ ಹೊಳೆಯ ಸೋಪಾನದ ಮೇಲೆ ಕೂತು ಧ್ಯಾನ ಮಾಡುತ್ತಾ ಮಾಡುತ್ತಾ ಗಾಳಿಯಲ್ಲಿ ಮೇಲೇಳುತ್ತಾನೆ. ತಪಸ್ವಿಯಾದವನು ಅಲ್ಲಿನ ಹಿರಿಯ ಪುರೋಹಿತರೊಬ್ಬರ ಮೊಮ್ಮಗ. ಬರಿಮೈ, ಪಂಚೆ, ಹೆಗಲ ಮೇಲೆ ಅವನದೇ ಜನಿವಾರ. ಸೊಂಟಕ್ಕೂ ಹೆಗಲಿಗೂ ಬಿಳಿಯ ಹಗ್ಗ ಬಿಗಿದು, ದಡದ ಅರಳಿ ಮರದ ಕೊಂಬೆಗೆ ಹಾಕಿ, ಮೂವರು ಮರೆಯಲ್ಲಿ ನಿಂತು ಎಳೆದರು. ತಪಸ್ವಿ ಮುಖ ಕಿವುಚುತ್ತಾ ಮೇಲೆದ್ದ. ಅದು ಭಕ್ತಿಯಂತೆಯೇ ಕಾಣುತ್ತಿತ್ತು.

ಇನ್ನು ಹಗ್ಗ ಅಳಿಸಬೇಕು. ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ಹಾರಾಟ ಹನ್ನೆರಡು ಸೆಕೆಂಡು. ಒಟ್ಟು ಮುನ್ನೂರು ಚಿತ್ರಗಳಲ್ಲಿ ಒಂದೊಂದರಲ್ಲೂ ಕೈಯಿಂದ ಹಗ್ಗ ಒರೆಸಬೇಕು. ಆ ಕೆಲಸ ಮಾಡಿದವನು ಗುಂಪಿನಲ್ಲೇ ಅತಿ ಶ್ರದ್ಧೆಯ ಹುಡುಗ, ಬೇಸಾಯದ ಮನೆಯವನು. ವಾರವಿಡೀ ಕೂತು, ಒಂದು ಎಳೆಯನ್ನೂ ಬಿಡದೆ ಒರೆಸಿದ. ನಾನೂ ನೋಡಿದೆ, ಹಗ್ಗದ ಸುಳಿವೇ ಇರಲಿಲ್ಲ. ಬೆನ್ನು ತಟ್ಟಿದೆ.

ಸಿ.ಡಿ. ಮಾಡಿಕೊಂಡು ಹೊಳೆನರಸೀಪುರಕ್ಕೆ ಹೋಗಿ ಪುರೋಹಿತರ ಮನೆಯ ಟೀವಿಯಲ್ಲಿ ಹಾಕಿದೆವು. ಅಕ್ಕಪಕ್ಕದವರೂ ಬಂದು ಕೂತರು. ಮೊಮ್ಮಗ ಗಾಳಿಯಲ್ಲಿ ಎದ್ದ ಕೂಡಲೇ ಎಲ್ಲರೂ ಆಹಾ ಎಂದರು. ತಾತ ಮಾತ್ರ ಹುಬ್ಬು ಗಂಟಿಕ್ಕಿ, "ಇನ್ನೊಂದು ಸಲ ಹಾಕು" ಎಂದರು. ಹಾಕಿದೆವು. "ಇನ್ನೊಂದು ಸಲ." ಹಾಕಿದೆವು.

"ಏನಯ್ಯಾ ಇದು? ನೆಲದ ಮೇಲೆ ಕೂತಾಗ ಜನಿವಾರ ಇದೆ. ಮೇಲೆ ಹೋದರೆ ಇಲ್ಲ. ಕೆಳಗೆ ಬಂದರೆ ಮತ್ತೆ ಇದೆ. ಮೇಲೆ ಹೋಗಿ ಅಂಥದ್ದೇನು ಮಾಡ್ತಾನೆ ಇವನು?"

ಮೊಮ್ಮಗ ರೆಕ್ಕೆಯಿಲ್ಲದೆ ಹಾರಿದ್ದರ ಬಗ್ಗೆ ಅವರದು ಒಂದು ಮಾತಿಲ್ಲ.

ಶ್ರದ್ಧೆಯ ಹುಡುಗನ ಕಡೆ ನೋಡಿದೆ. ಅವನು ಬೆವರು ಒರೆಸಿಕೊಳ್ಳುತ್ತಾ, "ಅದೂ ಅಗ್ಗದ ಎಳೆನೇ ಅನ್ಕಂಡೆ ಸಾ. ವಸಿ ಕಷ್ಟ ಆಯ್ತು ಅಳ್ಸೋಕೆ" ಎಂದ.

ಮುಂದಿನ ಬುಧವಾರ ಬೆಳಿಗ್ಗೆ ತಾತ ಬಸ್ಸು ಹತ್ತಿ ನೇರ ಹಾಸನಕ್ಕೆ, ನಮ್ಮ ಲ್ಯಾಬಿಗೇ ಬಂದರು. ಜನಿವಾರ ಮತ್ತೆ ಹಾಕುವುದಾದರೆ ತಮ್ಮ ಕಣ್ಣೆದುರಿಗೇ ಆಗಬೇಕಂತೆ. ರಾಹುಕಾಲ ಮುಗಿಯುವವರೆಗೆ ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಒಂದೂವರೆಗೆ ಹುಡುಗ ಮೊದಲ ಚಿತ್ರ ತೆಗೆದು, ಹೆಗಲಿಂದ ಸೊಂಟಕ್ಕೆ ಒಂದು ಬಿಳಿ ಗೆರೆ ಎಳೆದ.

"ಒಂದೇ ಎಳೆ? ಬ್ರಹ್ಮಚಾರಿಗೆ ಮೂರೆಳೆ!"

"ಸ್ವಾಮಿ, ಇಷ್ಟು ಸಣ್ಣ ಚಿತ್ರದಲ್ಲಿ ಮೂರು ಎಳೆದರೂ ಒಂದೇ ಆಗಿ ಕಾಣುತ್ತದೆ" ಎಂದೆ ನಾನು.

"ಕಾಣದಿದ್ದರೂ ಇರಬೇಕಯ್ಯಾ."

ಮುನ್ನೂರು ಚಿತ್ರ, ಚಿತ್ರಕ್ಕೆ ಮೂರೆಳೆ. ಹುಡುಗ ಸಂಜೆಯವರೆಗೆ ಎಳೆದ. ತಾತ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಒಂದೊಂದನ್ನೂ ಎಣಿಸಿದರು. ಗುರುವಾರವೂ ಬಂದರು. ಕೊನೆಯ ಚಿತ್ರ ಮುಗಿದಾಗ ಎದ್ದು, ಆ ಬೇಸಾಯದ ಮನೆಯ ಹುಡುಗನ ತಲೆಯ ಮೇಲೆ ಕೈಯಿಟ್ಟು ಮನಸಾರೆ ಹರಸಿದರು.

"ಐವತ್ತು ವರ್ಷ ಪೌರೋಹಿತ್ಯ ಮಾಡಿದೀನಪ್ಪಾ, ಮುನ್ನೂರು ಉಪನಯನ ನನ್ನ ಕೈಲೂ ಆಗಿಲ್ಲ. ನೀನು ಎರಡು ದಿನಕ್ಕೆ ಮುಗಿಸಿಬಿಟ್ಟೆ!"

೩. ಉರಿಯದೆ ಉರಿದ ಬಣವೆ

ಈ ಎರಡೂ ಸುದ್ದಿ ಕಾರ್ಯದರ್ಶಿಗಳ ಕಿವಿಗೆ ಬಿದ್ದಿದ್ದವು. ಬೀಳದೆ ಇರುತ್ತವೆಯೇ? "ಒಬ್ಬರ ಕೈ ಕತ್ತರಿಸಿದ್ರಂತೆ, ಒಬ್ಬರ ಜನಿವಾರ ಕಿತ್ರಂತೆ. ಇದೇನಾ ಕೋರ್ಸು?" ಎಂದು ವರಾಂಡದಲ್ಲೇ ನಿಲ್ಲಿಸಿ ಕೇಳಿದರು. ಹಾಗೆ ಕೇಳುತ್ತಲೇ ಟಾರ್ಪಾಲು ಎತ್ತಿ ಒಂದು ಹೊಲಿಗೆ ಯಂತ್ರದ ಚಕ್ರವನ್ನು ಪ್ರೀತಿಯಿಂದ ತಿರುಗಿಸಿ ನೋಡಿದರು.

ಮೂರನೆಯದು ಅರಕಲಗೂಡಿನ ಗುಂಪು. ಅಣ್ಣತಮ್ಮಂದಿರ ಜಗಳದ ಕಥೆ. ಕೊನೆಗೆ ತಮ್ಮ ಅಣ್ಣನ ಹುಲ್ಲಿನ ಬಣವೆಗೆ ಬೆಂಕಿಯಿಡುತ್ತಾನೆ. ಒಬ್ಬ ಹುಡುಗನ ದೊಡ್ಡಪ್ಪನ ಬಣವೆಯನ್ನು ಸುಮ್ಮನೆ ಚಿತ್ರ ತೆಗೆದುಕೊಂಡು, ಕಾಲೇಜಿನ ಹಿತ್ತಲಲ್ಲಿ ಕಪ್ಪು ಬಟ್ಟೆಯ ಮುಂದೆ ಒಂದಿಷ್ಟು ಒಣ ತೆಂಗಿನಗರಿ ಸುಟ್ಟು, ಆ ಬೆಂಕಿಯನ್ನು ಇದರ ಮೇಲೆ ಕೂರಿಸಿದೆವು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಬಹಳ ಚೆನ್ನಾಗಿ ಉರಿಯಿತು. ನೋಡುವಾಗ ನನಗೇ ಸೆಕೆಯಾಯಿತು.

ಹುಡುಗನಿಗೆ ಹೆಮ್ಮೆ ತಡೆಯಲಾಗಲಿಲ್ಲ. ಊರಿನ ಕೇಬಲ್ ಟೀವಿಯವರಿಗೆ ಆ ತುಣುಕು ಕೊಟ್ಟ. ಅವರು ಸಂಜೆ ಎರಡು ಹಾಡಿನ ನಡುವೆ, ಹಿಂದೆಮುಂದೆ ಏನೂ ಹೇಳದೆ ಬಿಟ್ಟರು.

ಮಾರನೆಯ ಬೆಳಿಗ್ಗೆ ದೊಡ್ಡಪ್ಪ ಬಾಗಿಲು ತೆಗೆದರೆ ಅಂಗಳದಲ್ಲಿ ಮೂರು ಗಾಡಿ ಹುಲ್ಲು. ಯಾರದಾದರೂ ಬಣವೆ ಸುಟ್ಟರೆ ನೆಂಟರಿಷ್ಟರು ಹೊರೆಹೊರೆ ಹುಲ್ಲು ತಂದು ಕೊಡುವುದು ಆ ಕಡೆಯ ಪದ್ಧತಿ. ಸುತ್ತಲ ಹಳ್ಳಿಗಳ ನೆಂಟರೆಲ್ಲ ಟೀವಿಯಲ್ಲಿ ಬಣವೆಯ ಗುರುತು ಹಿಡಿದು ಹೊರಟುಬಂದಿದ್ದರು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಹುಡುಗ ನನಗೆ ಫೋನು ಮಾಡಿ ಅಳುವುದೊಂದು ಬಾಕಿ. ನಾನು ಮೊದಲ ಬಸ್ಸಿಗೇ ಅರಕಲಗೂಡಿಗೆ ಓಡಿದೆ.

ಹೋಗಿ ನೋಡಿದರೆ ಸುಟ್ಟಿತು ಎನ್ನುವ ಬಣವೆ ಎಲ್ಲರ ಎದುರಿಗೇ, ಒಂದು ಕಡ್ಡಿಯೂ ಕಪ್ಪಾಗದೆ ನಿಂತಿದೆ. ನಾನು ಅದನ್ನೇ ತೋರಿಸಿ, "ನೋಡಿ, ಇಲ್ಲೇ ಇದೆಯಲ್ಲ! ಅದು ಕಂಪ್ಯೂಟರ್ ಬೆಂಕಿ, ನಿಜವಲ್ಲ" ಎಂದೆ.

ಒಬ್ಬ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸುಮ್ಕಿರಿ ಸಾ. ಪೂರ್ತಿ ಉರ್ದಿದ್ದ ನಾವೇ ಕಣ್ಣಾರೆ ಟೀವೀಲಿ ನೋಡೀವಿ. ಇದು ಬ್ಯಾರೆ ಬಣವೆ ಇರಬೈದು."

ನಾನು ದೊಡ್ಡಪ್ಪನನ್ನು ಪಕ್ಕಕ್ಕೆ ಕರೆದು, ದಯವಿಟ್ಟು ನೀವೇ ನಿಜ ಹೇಳಿ ಹುಲ್ಲು ವಾಪಸ್ ಕಳಿಸಿ ಎಂದು ಬೇಡಿಕೊಂಡೆ. ಅವರು ಹುಲ್ಲಿನ ಗಾಡಿಗಳ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು.

"ಪಿರೂತಿಯಿಂದ ತಂದವ್ರೆ ಸಾ, ವಾಪಸ್ ಕಳ್ಸುದ್ರೆ ಬೇಜಾರ್ ಮಾಡ್ಕತಾರೆ" ಎಂದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ದನಿ ತಗ್ಗಿಸಿದರು. "ಮುಂದ್ಲ ಸತಿ ನಮ್ ಟ್ರ್ಯಾಕ್ಟ್ರು ಸುಟ್ಟೋದಂಗೆ ತೆಗೀರಿ ಸಾ. ಅದೂ ಅಳೇದಾಗ್ಬುಟ್ಟದೆ."

೪. ಕಾರ್ಯದರ್ಶಿಗಳ ಅಭಿನಯ

ಬೆಂಕಿಯ ಸುದ್ದಿ ಕೇಳಿದ ಮೇಲೆ ಕಾರ್ಯದರ್ಶಿಗಳು ನನ್ನೊಂದಿಗೆ ಮಾತಾಡುವುದನ್ನೇ ಬಿಟ್ಟರು. ಅದು ಬೈಗುಳಕ್ಕಿಂತ ಹೆಚ್ಚು ಹೆದರಿಸಿತು. ನನ್ನ ಸಂಕಟ ಯಾರಿಗೆ ಹೇಳಲಿ? ನಮ್ಮ ಕೆಲಸ ಕೆಟ್ಟರೆ ಊರಿಗೆಲ್ಲ ಕಾಣುತ್ತದೆ, ಚೆನ್ನಾಗಿ ಆದರೆ ಯಾರಿಗೂ ಕಾಣುವುದಿಲ್ಲ. ಕಾಣದಂತೆ ಮಾಡುವುದೇ ನಮ್ಮ ವಿದ್ಯೆ, ಕಾಣಿಸಬೇಕು ಎನ್ನುವುದು ಅವರ ಷರತ್ತು.

ಉಳಿದಿದ್ದು ಚನ್ನರಾಯಪಟ್ಟಣದ ಗುಂಪು. ಅದರ ಮುಖ್ಯಸ್ಥೆ ದಂಡಿಗನಹಳ್ಳಿ ಕಡೆಯ ಒಬ್ಬ ಹುಡುಗಿ. ಮಾತು ಕಡಿಮೆ, ತಲೆ ಚುರುಕು. ಸ್ವಾತಂತ್ರ್ಯ ಹೋರಾಟದ ಕಾಲದ ಒಬ್ಬ ಎಳೆಯ ಶಾಲಾ ಮಾಸ್ತರನ ಕಥೆ ಬರೆದಿದ್ದಳು. ಒಂದು ದಿನ ಬಂದು ತಣ್ಣಗೆ ಹೇಳಿದಳು:

"ಸಾ, ಮಾಸ್ತರನ ಪಾತ್ರಕ್ಕೆ ಕಾರ್ಯದರ್ಶಿಗಳನ್ನ ಕೇಳ್ದೆ. ಒಪ್ಕಂಡವ್ರೆ."

ನಾನು ಕುರ್ಚಿ ಹಿಡಿದುಕೊಂಡೆ. "ಅಮ್ಮಾ ತಾಯಿ, ಮಾಸ್ತರನಿಗೆ ಇಪ್ಪತ್ತೆಂಟು ವರ್ಷ. ಇವರಿಗೆ ಅರವತ್ತು!"

"ಕಾಲೇಜಲ್ಲಿ ನಾಟ್ಕ ಮಾಡ್ತಿದ್ರಂತೆ ಸಾ. ಕೇಳಿದ್ ತಕ್ಷಣ ಜೇಬಿಂದ ಬಾಚಣಿಗೆ ತೆಗ್ದು ತಲೆ ಬಾಚ್ಕಂಡ್ರು."

ಇಲ್ಲೊಂದು ವಿಷಯ ಹೇಳಬೇಕು. ಕಾರ್ಯದರ್ಶಿಗಳ ತಲೆಯಲ್ಲಿ ಬಾಚುವಂಥದ್ದು ಏನೂ ಉಳಿದಿರಲಿಲ್ಲ. ಎರಡು ಕಿವಿಗಳ ಮೇಲೆ ಒಂದೊಂದು ಗೆರೆ, ನಡುವೆ ನುಣ್ಣನೆಯ ಬಯಲು. ಆದರೂ ಆ ಬಾಚಣಿಗೆ ಜೇಬು ಬಿಟ್ಟಿರಲಿಲ್ಲ. ಮೀಟಿಂಗಿಗೆ ಮೊದಲು, ಫೋಟೋಗೆ ಮೊದಲು, ಒಮ್ಮೊಮ್ಮೆ ಸುಮ್ಮನೆ, ಬಯಲಿನ ಮೇಲೆ ಬಾಚಣಿಗೆ ಹೋಗಿ ಬರುತ್ತಿತ್ತು. ಕಾಲೇಜಿನಲ್ಲಿ ಯಾರೂ ಅದನ್ನು ನೋಡಿದವರಂತೆ ನಡೆದುಕೊಳ್ಳುತ್ತಿರಲಿಲ್ಲ.

ವಿಗ್ ಎಂದರೆ ಸಿಟ್ಟಾದರು. "ನಾನೇನು ವೇಷ ಹಾಕೋನಾ?" ಎಂದರು. ಹುಡುಗಿ, "ಬ್ಯಾಡ ಬುಡಿ ಸಾ, ಇಂಗೇ ಚೆನ್ನಾಗದೆ" ಎಂದಳು. ಆಮೇಲೆ ಫ್ಯಾನ್ಸಿ ಸ್ಟೋರಿನಿಂದ ತಂದ ಹಸಿರು ಸ್ಟಿಕರ್ ಬಿಂದಿ ಒಂಬತ್ತನ್ನು ಅವರ ತಲೆಯ ಮೇಲೆ ಮೂರು ಸಾಲಾಗಿ ಅಂಟಿಸಿದಳು. ಅವರು ತಲೆ ತಿರುಗಿಸಿದಂತೆಲ್ಲ ನಾವು ಆಮೇಲೆ ಕೂರಿಸುವ ಕೂದಲೂ ಜೊತೆಗೇ ತಿರುಗಬೇಕಲ್ಲ, ಅದಕ್ಕೆ ಆ ಗುರುತು. ಅವರು ಏನೆಂದು ಕೇಳಿದಾಗ, "ಕ್ಯಾಮೆರಾ ಫೋಕಸ್‌ಗೆ ಸಾ" ಎಂದಳು. ನಂಬಿದರು. ಮಧ್ಯಾಹ್ನ ಬಿಡುವಿನಲ್ಲಿ ಒಂಬತ್ತು ಬಿಂದಿಯ ಸಮೇತ ಹೋಟೆಲಿಗೆ ಹೋಗಿ ಕಾಫಿ ಕುಡಿದು ಬಂದರು. ಹೋಟೆಲಿನವರು ಯಾವುದೋ ಹರಕೆ ಇರಬೇಕೆಂದು ಸುಮ್ಮನಿದ್ದರಂತೆ.

ಮೂರು ವಾರ ಆ ಹುಡುಗಿ ಪರದೆ ಬಿಟ್ಟು ಏಳಲಿಲ್ಲ. ಬೀದಿಯ ಕರೆಂಟ್ ಕಂಬ, ತಂತಿ, ಒಂದು ಮೊಬೈಲ್ ಟವರ್, ಅಂಗಡಿ ಮುಂದಿನ ಸ್ಕೂಟರ್, ಎಲ್ಲ ತೆಗೆದಳು. ಆ ಬಯಲಿನ ಮೇಲೆ ಗುಂಗುರು ಗುಂಗುರಾಗಿ ಕಪ್ಪು ಕೂದಲು ಬೆಳೆಸಿದಳು. ಗಾಳಿ ಬೀಸಿದಾಗ ಹಣೆಯ ಮೇಲೆ ಒಂದು ಎಳೆ ಬಿದ್ದು ಅಲ್ಲಾಡುತ್ತಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕ ಕೆಲಸವನ್ನು ನಾನೂ ಮಾಡಿಲ್ಲ. ನೋಡಿ ಹೊಟ್ಟೆಕಿಚ್ಚಾಯಿತು, ಕಣ್ಣಲ್ಲಿ ನೀರೂ ಬಂತು.

ವಾರ್ಷಿಕೋತ್ಸವದ ಮಧ್ಯಾಹ್ನ. ಸಮಯವಿಲ್ಲ, ಒಂದೇ ಚಿತ್ರ ತೋರಿಸಿ ಎಂದರು ಪ್ರಿನ್ಸಿಪಾಲರು. ಕಾರ್ಯದರ್ಶಿಗಳು ನಟಿಸಿದ್ದನ್ನು ಬಿಟ್ಟು ಬೇರೆ ತೋರಿಸುವ ಧೈರ್ಯ ಯಾರಿಗಿದೆ? ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದೆವು. ಮುಂದಿನ ಸಾಲಿನಲ್ಲಿ ಕಾರ್ಯದರ್ಶಿಗಳು, ಪಕ್ಕದಲ್ಲಿ ಅವರ ಹೆಂಡತಿ, ಹಿಂದೆ ತುಂಬಿದ ಸಭೆ. ಚಿತ್ರ ಶುರುವಾಯಿತು. ತೆರೆಯ ಮೇಲೆ ಗುಂಗುರು ಕೂದಲಿನ ಮಾಸ್ತರ ಬಂದಾಗ ಸಭೆಯಲ್ಲಿ ಒಂದು ಸಣ್ಣ ಉಸಿರು ಕೇಳಿಸಿತು, ಅಷ್ಟೆ. ನಾನು ಕಾರ್ಯದರ್ಶಿಗಳ ಮುಖವನ್ನೇ ನೋಡುತ್ತಿದ್ದೆ. ಅವರು ಬೆಚ್ಚಲಿಲ್ಲ, ಅಚ್ಚರಿಪಡಲಿಲ್ಲ. ಬಾಚಣಿಗೆ ಹಿಡಿದು ದಿನಾ ಕನ್ನಡಿಯಲ್ಲಿ ಯಾರನ್ನು ನೋಡುತ್ತಿದ್ದರೋ ಅವನೇ ತೆರೆಯ ಮೇಲೆ ಬಂದಿದ್ದ. ಅದರಲ್ಲಿ ಅಚ್ಚರಿಪಡುವುದೇನಿದೆ?

ದೀಪ ಹತ್ತಿತು. ಚಪ್ಪಾಳೆ. ಕಾರ್ಯದರ್ಶಿಗಳು ವೇದಿಕೆ ಹತ್ತಿ ಮೈಕು ಹಿಡಿದರು.

"ಚಿತ್ರ ಬಹಳ ಚೆನ್ನಾಗಿದೆ. ಅಭಿನಯ ಚೆನ್ನಾಗಿದೆ. ಆದ್ರೆ ಮೇಷ್ಟ್ರೇ, ಗ್ರಾಫಿಕ್ಸ್ ಎಲ್ಲಿ? ಮೊದಲಿಂದ ಕೊನೇವರ್ಗೂ ಕಣ್ಣು ಬಿಟ್ಕಂಡು ನೋಡ್ದೆ. ಒಂದೂ ಕಾಣ್ಲಿಲ್ಲ."

ನಾನು ಎದ್ದು ನಿಂತೆ. "ಸರ್, ಆ ಬೀದಿಯ ಕರೆಂಟ್ ಕಂಬ, ತಂತಿ ಎಲ್ಲ..."

"ಆ ಬೀದೀಲಿ ಕಂಬ ಇದ್ವಾ?" ಎಂದು ಸಭೆಯನ್ನೇ ಕೇಳಿದರು. ಯಾರಿಗೂ ನೆನಪಿಲ್ಲ. ಕಂಬಗಳನ್ನು ಯಾರು ತಾನೇ ನೋಡಿರುತ್ತಾರೆ?

"ಬೇರೆ ಏನಾದ್ರೂ ಇದ್ರೆ ಹೇಳಿ."

ಬೇರೆ ಇತ್ತು. ಅವರ ತಲೆಯ ಮೇಲೇ ಇತ್ತು. ಹೇಳಿದರೆ ಐನೂರು ಜನರ ಮುಂದೆ ಅವರ ಮಾನ ಹೋಗುತ್ತದೆ, ಹೇಳದಿದ್ದರೆ ನನ್ನ ಕೋಣೆ ಹೋಗುತ್ತದೆ. ಹುಡುಗಿ ನನ್ನನ್ನು ನೋಡಿದಳು. ಕೊನೆಗೆ, "ಇಲ್ಲ ಸರ್" ಎಂದು ಕೂತುಬಿಟ್ಟೆ. ಆ ಮನುಷ್ಯನ ಮುಖದಲ್ಲಿ ಅಂಥ ಖುಷಿ ನಾನು ಎಂದೂ ಕಂಡಿರಲಿಲ್ಲ. ಅದನ್ನು ಕಿತ್ತುಕೊಂಡು ಕೋರ್ಸು ಉಳಿಸಿಕೊಳ್ಳಲು ನನಗೆ ಮನಸ್ಸೊಪ್ಪಲಿಲ್ಲ.

"ಹಾಗಾದ್ರೆ, ಬಹಳ ವಿಷಾದದಿಂದ ಹೇಳ್ತೀನಿ, ಮುಂದಿನ ವರ್ಷದಿಂದ ಆ ಕೋಣೇಲಿ..."

"ರೀ!"

ಮುಂದಿನ ಸಾಲಿನಿಂದ ಅವರ ಹೆಂಡತಿ. ಆಕೆಗೆ ಮೈಕಿನ ಅಗತ್ಯವಿರಲಿಲ್ಲ.

"ಗ್ರಾಫಿಕ್ಸ್ ಕಾಣ್ನಿಲ್ವಾ ನಿಮ್ಗೆ? ವಸಿ ತಲೆ ಮುಟ್ಕಂಡು ನೋಡಿ!"

ಮೂವತ್ತೈದು ವರ್ಷದ ಸಂಸಾರದ ಅಭ್ಯಾಸ. ಅವರು ಯೋಚನೆಯನ್ನೇ ಮಾಡದೆ ಕೈಯೆತ್ತಿ ತಲೆ ಮುಟ್ಟಿದರು. ಮೈಕು ಆ ಕೈಯಲ್ಲೇ ಇತ್ತು. ಸಭಾಂಗಣದ ನಾಲ್ಕೂ ಸ್ಪೀಕರುಗಳಲ್ಲಿ ಟಕ್ ಎಂದು ಸದ್ದು ಮೊಳಗಿತು.

ಆಮೇಲೆ ಎದ್ದ ನಗು ನಿಲ್ಲುವುದಕ್ಕೆ ಐದು ನಿಮಿಷವಾದರೂ ಬೇಕಾಯಿತು. ಕಾರ್ಯದರ್ಶಿಗಳು ತಲೆಯ ಮೇಲಿನ ಕೈ ತೆಗೆಯದೆ ಹಾಗೇ ನಿಂತಿದ್ದರು. ಆಕೆ ಮಾತ್ರ ನಗುತ್ತಿರಲಿಲ್ಲ.

"ನಮ್ ಮದ್ವೇಲೂ ಇಷ್ಟು ಕೂದ್ಲಿರ್ನಿಲ್ಲ ನಿಮ್ಗೆ. ಯಾವ್ಯಾವ್ದೋ ಎಣ್ಣೆ ತಿಕ್ಕಿ ತಿಕ್ಕಿ ನನ್ ಕೈ ಸವ್ದೋಯ್ತು, ಒಂದ್ ಎಳೆ ಬರ್ನಿಲ್ಲ. ಈ ಮಗೀನ ಕೈಲಿ ಮೂರ್ ವಾರಕ್ಕೇ ಬಂತು. ಇಂಥಾ ಕ್ಲಾಸ ಮುಚ್ಚೀರಾ?"

ಅವರು ಸಭೆಯನ್ನು ನೋಡಿದರು. ಹೆಂಡತಿಯನ್ನು ನೋಡಿದರು. ಕೊನೆಗೆ ಮೈಕನ್ನು ತಲೆಯಿಂದ ಬಾಯಿಗೆ ಇಳಿಸಿ, "ಕೋರ್ಸು ಮುಂದುವರೀತದೆ. ಹೊಲಿಗೆ ಮಿಷನ್ನು ಮೇಲಿನ ಮಹಡಿಗೆ" ಎಂದು ಇಳಿದುಬಂದರು. ನಾನು ಆ ಗದ್ದಲದಲ್ಲಿ ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯದು. ಹುಡುಗಿ ಮಾತ್ರ ಕರ್ಚೀಫು ಕೊಟ್ಟಳು.

ಮಾರನೆಯ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆಯುವ ಹೊತ್ತಿಗೆ ಕಾರ್ಯದರ್ಶಿಗಳು ಒಬ್ಬರೇ ವರಾಂಡದಲ್ಲಿ ನಿಂತಿದ್ದರು. ಕ್ಷಮೆ ಕೇಳಬೇಕು ಎಂದು ನಾನು ಹತ್ತಿರ ಹೋದೆ. ಅವರು ಆಚೀಚೆ ನೋಡಿ, ಒಳಗೆ ಬಂದು, ಬಾಗಿಲು ಮುಂದೆ ಮಾಡಿದರು.

"ಮೇಷ್ಟ್ರೇ, ಆ ಚಿತ್ರದಿಂದ ನನ್ನದೊಂದು ಫೋಟೋ ತೆಗ್ದು ದೊಡ್ಡದು ಮಾಡಿ ಕೊಡಿ. ಆಫೀಸಲ್ಲಿ ಹಾಕ್ಬೇಕು."

"ಆಗಲಿ ಸರ್, ಸಂಜೆಯೊಳಗೆ ಕೊಡುತ್ತೇನೆ" ಎಂದೆ.

ಹೊರಟವರು ಬಾಗಿಲಲ್ಲಿ ನಿಂತು ತಿರುಗಿದರು. ನಾನು ಮೂರು ವರ್ಷ ಬೋರ್ಡಿನ ಮೇಲೆ ಬರೆದು ಬರೆದು, ಬಾಯಿ ನೋಯುವವರೆಗೆ ಹೇಳಿದರೂ ಹುಡುಗರ ತಲೆಗೆ ಹೋಗದ ಪಾಠವನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು.

"ಅಲ್ಲಲ್ಲಿ ಎರಡು ನರೆಗೂದ್ಲು ಹಾಕಿ. ಇಲ್ದಿದ್ರೆ ಜನ ನಂಬಲ್ಲ."